ಸಂಸಾರ ಸಮೇತ ಅಲಾಸ್ಕಾ ನೌಕಾವಿಹಾರ

ರೈಲಿನಲ್ಲಿ ಹೊರಟವರು ಮರೆತುಬಂದ ವಸ್ತುವನ್ನು ಮುಂದಿನ ನಿಲ್ದಾಣದಲ್ಲಿ ಕೊಂಡುಕೊಳ್ಳಬಹುದು. ಮೋಟಾರಿನಲ್ಲಿ ಹೊರಟವರು ಬೇಸರವಾದರೆ ಅರ್ಧದಾರಿಯಿಂದ ಹಿಂದಿರುಗಲೂಬಹುದು. ಹಡಗನ್ನೇರಿದವರಿಗೆ ಈ ಎರಡು ಅನುಕೂಲಗಳೂ ಇಲ್ಲ. ಹಗ್ಗ ಬಿಚ್ಚಿ ಹಡಗು ಬಂದರನ್ನು ಬಿಟ್ಟಿತೆಂದರೆ, ಮನೆಯಲ್ಲಿ ಉಳಿದ ಔಷಧಿ ಮನೆಯಲ್ಲಿಯೇ ಉಳಿಯಿತು. ಆರಿಸಿಕೊಂಡ ಕೊಠಡಿ ಒಪ್ಪಿಗೆಯಾಗಲಿ ಬಿಡಲಿ, ವಾರವೆಲ್ಲ ಅದರಲ್ಲಿಯೇ ವಾಸ. ಆದುದರಿಂದ ಕಡಲ ವಿಹಾರದ ಸುಖದುಃಖಗಳು ಬಹುಮಟ್ಟಿಗೆ ನೆಲದ ಮೇಲೆಯೇ, ಹೊರಡುವುದಕ್ಕೆ ತಿಂಗಳುಗಳ ಮುನ್ನವೇ, ನಿರ್ಧಾರವಾಗಿಬಿಡುತ್ತವೆ. ಬಾಯಾರಿದಾಗ ಬಾವಿ ತೋಡುವವರಿಗೆ ಸಮುದ್ರಯಾನ ತಕ್ಕುದಲ್ಲ.

ಅಮೆರಿಕೆಯಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ಕನ್ನಡನಾಡಿನ ತಾಯಿತಂದೆಗಳು ನೋಡಿಬರುವ ದೂರದ ಸ್ಥಳಗಳಲ್ಲಿ ಅಲಾಸ್ಕಾ ಒಂದು. ಅಜ್ಜ ಅಜ್ಜಿ, ಮಗ ಸೊಸೆ, ಮೊಮ್ಮಕ್ಕಳು ಹೀಗೆ ಮೂರು ತಲೆಮಾರಿನವರು ಒಂದೇ ಸೂರಿನಡಿ ಏಳು ದಿನ ಕಳೆಯಲು ನೌಕಾವಿಹಾರದಂಥ ಅನುಕೂಲ ಮತ್ತೊಂದಿಲ್ಲ. ಪ್ರತಿದಿನ ಪೆಟ್ಟಿಗೆ ಕಟ್ಟಿ ಬಿಚ್ಚುವ ಗೋಜಿಲ್ಲ. ನಡೆಯಲಾರದವರು ಕುರ್ಚಿಯಲ್ಲಿ ಕುಳಿತಲ್ಲಿಗೇ ಪರ್ವತಗಳೂ ಹಿಮನದಿಗಳೂ ತಾವಾಗಿ ಬರುತ್ತವೆ. ಆದರೆ ಆ ಕುಟುಂಬದಲ್ಲಿ ಎಲ್ಲರಿಗಿಂತ ಅಶಕ್ತರಾದವರು ಯಾರೋ ಅವರನ್ನು ಮುಂದಿಟ್ಟುಕೊಂಡು ಏರ್ಪಾಡು ಮಾಡಿದಾಗ ಮಾತ್ರ ಈ ಸೌಖ್ಯ ಕೈಗೂಡುತ್ತದೆ.

ಕಾಲ ಮತ್ತು ದಾರಿ

೧೮೬೭ರಲ್ಲಿ ಅಮೆರಿಕವು ರಷ್ಯದಿಂದ ೭೨ ಲಕ್ಷ ಡಾಲರುಗಳಿಗೆ ಕೊಂಡ ಅಲಾಸ್ಕಾ, ೧೯೫೯ರಲ್ಲಿ ಆ ದೇಶದ ೪೯ನೆಯ ರಾಜ್ಯವಾಯಿತು. ಅದರ ಆಗ್ನೇಯ ಭಾಗದ ಕರಾವಳಿಯಲ್ಲಿ ಸಾವಿರಕ್ಕೂ ಮಿಕ್ಕ ದ್ವೀಪಗಳು ಗೋಡೆಯಂತೆ ನಿಂತಿವೆ. ಆ ದ್ವೀಪಗಳಿಗೂ ಭೂಭಾಗಕ್ಕೂ ನಡುವಣ ಶಾಂತವಾದ ಜಲಮಾರ್ಗವೇ ವಿಹಾರನೌಕೆಗಳ ದಾರಿ. ಮುಖ್ಯವಾಗಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಹಡಗುಗಳು ಸಂಚರಿಸುತ್ತವೆ. ಮೇ, ಜೂನ್ ತಿಂಗಳುಗಳಲ್ಲಿ ಮಳೆ ಕಡಿಮೆ. ಜೂನಿನಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ. ಜುಲೈ ತಿಂಗಳಲ್ಲಿ ಚಳಿ ಅಷ್ಟಾಗಿರದು, ಆದರೆ ಶಾಲೆಗಳ ರಜೆಯಿಂದಾಗಿ ದರ ಹೆಚ್ಚು. ಶಾಲೆಗೆ ಹೋಗುವ ಮಕ್ಕಳಿಲ್ಲದ ಕುಟುಂಬಕ್ಕೆ ಮೇ ಮತ್ತು ಸೆಪ್ಟೆಂಬರ್ ಮಿತವ್ಯಯದ ತಿಂಗಳುಗಳು.

ಏಳು ರಾತ್ರಿಗಳ ಯಾನಗಳಲ್ಲಿ ಬಹುಪಾಲು ಕೆನಡಾದ ವ್ಯಾಂಕೂವರಿನಿಂದಲೋ ಅಮೆರಿಕದ ಸಿಯಾಟಲಿನಿಂದಲೋ ಹೊರಡುತ್ತವೆ. ಇವೆರಡರಲ್ಲಿ ಯಾವುದಾದರೇನು ಎಂದು ಉಪೇಕ್ಷಿಸುವಂತಿಲ್ಲ. ವ್ಯಾಂಕೂವರಿನಿಂದ ಹೊರಟ ಹಡಗು ದ್ವೀಪಗಳ ಮರೆಯಲ್ಲಿಯೇ ಉತ್ತರಕ್ಕೆ ಸಾಗುತ್ತದೆ. ಸಿಯಾಟಲಿನಿಂದ ಹೊರಟ ಹಡಗುಗಳಲ್ಲಿ ಅನೇಕವು ವ್ಯಾಂಕೂವರ್ ದ್ವೀಪದ ಹೊರಮಗ್ಗುಲಲ್ಲಿ, ತೆರೆದ ಸಾಗರದ ಮೇಲೆ ಒಂದು ಹಗಲು ಕಳೆಯಬೇಕಾಗುತ್ತದೆ. ಅಲ್ಲಿ ಅಲೆಗಳು ಹೆಚ್ಚು. ವಿಮಾನದ ಖರ್ಚು ಉಳಿಯುವುದೆಂದು ಸಿಯಾಟಲನ್ನು ಆರಿಸುವವರು, ಮನೆಯ ಹಿರಿಯರಿಗೆ ಓಲಾಟ ಒಗ್ಗುವುದೇ ಎಂಬುದನ್ನೂ ಯೋಚಿಸುವುದು ಮೇಲು.

ಹಣ ಕಟ್ಟುವ ಮೊದಲು ಹಡಗು ಯಾವ ಹಿಮನದಿಯ ಬಳಿಗೆ ಹೋಗುವುದೆಂಬುದನ್ನು ಕೇಳಿ ತಿಳಿಯಬೇಕು. ಎಲ್ಲ ನೌಕೆಗಳೂ ಗ್ಲೇಸಿಯರ್ ಬೇ ಎಂಬ ಪ್ರಸಿದ್ಧ ಕೊಲ್ಲಿಯನ್ನು ಪ್ರವೇಶಿಸಲಾರವು. ದಿನವೊಂದಕ್ಕೆ ಎರಡೇ ದೊಡ್ಡ ವಿಹಾರನೌಕೆಗಳಿಗೆ ಅಲ್ಲಿ ಅನುಮತಿ. ೧೭೯೪ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ನಾವಿಕರು ಬಂದಾಗ ಈ ಕೊಲ್ಲಿಯಿದ್ದ ಜಾಗವನ್ನು ಬಹುಮಟ್ಟಿಗೆ ಹಿಮವೇ ತುಂಬಿತ್ತು. ೧೮೭೯ರಲ್ಲಿ ಜಾನ್ ಮ್ಯೂರ್ ಬಂದು ನೋಡುವಷ್ಟರಲ್ಲಿ ಹಿಮವು ನಲವತ್ತು ಮೈಲಿಗಳಿಗೂ ಹೆಚ್ಚು ಹಿಂದೆ ಸರಿದಿತ್ತು. ಇಂದು ಹಡಗು ತೇಲುವ ನೀರು ಅಂದಿನ ಹಿಮದ ಹಾಸಿಗೆ. ಉದ್ಯಾನದ ಅಧಿಕಾರಿಗಳು ಹಡಗಿಗೇ ಬಂದು ಈ ಕಥೆಯನ್ನು ವಿವರಿಸುವರು. ಬೇರೆ ಹಡಗುಗಳು ಹಬ್ಬರ್ಡ್ ಹಿಮನದಿಗೋ ಇತರ ಹಿಮನದಿಗಳ ಕಡೆಗೋ ಹೋಗುವುದುಂಟು. ಅವೂ ಸುಂದರವೇ, ಆದರೆ ಒಂದನ್ನು ಬಯಸಿ ಇನ್ನೊಂದಕ್ಕೆ ಹಣ ತೆತ್ತು ಪೇಚಾಡಬಾರದು.

ರಹದಾರಿಯ ತೊಡಕು

ಕುಟುಂಬದ ಪ್ರಯಾಣ ಹಡಗುಕಟ್ಟೆಯಲ್ಲಿಯೇ ಮುರಿದುಬೀಳುವುದು ಬಹುಶಃ ಕಾಗದಪತ್ರಗಳ ದೆಸೆಯಿಂದ. ಅಮೆರಿಕದಲ್ಲಿ ಹೊರಟು ಅಮೆರಿಕದಲ್ಲಿಯೇ ಮುಗಿಯುವ ಪ್ರವಾಸಕ್ಕೆ ಇನ್ನೊಂದು ದೇಶದ ಅಪ್ಪಣೆ ಏತಕ್ಕೆ ಎಂದು ತೋರುವುದು ಸಹಜ. ಆದರೆ ಪರದೇಶದ ಧ್ವಜ ಹೊತ್ತ ಹಡಗು, ನಡುವೆ ಪರದೇಶದ ಬಂದರನ್ನು ಮುಟ್ಟದೆ, ಅಮೆರಿಕದ ಬಂದರುಗಳ ನಡುವೆಯೇ ಯಾತ್ರಿಕರನ್ನು ಸಾಗಿಸಕೂಡದೆಂದು ೧೮೮೬ರ ಅಮೆರಿಕದ ಕಾನೂನು ವಿಧಿಸುತ್ತದೆ. ದೊಡ್ಡ ವಿಹಾರನೌಕೆಗಳು ಬಹುತೇಕ ಪರದೇಶದಲ್ಲಿ ನೋಂದಣಿಯಾದವು. ಆದಕಾರಣ ಸಿಯಾಟಲಿನಿಂದ ಹೊರಟ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯ ಬಂದರಿನಲ್ಲಿ ಕೆಲವು ಗಂಟೆಗಳಾದರೂ ನಿಲ್ಲುತ್ತದೆ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ, ೨೦೨೧ರ ಮೇ ತಿಂಗಳಲ್ಲಿ ಅಮೆರಿಕವು ತಾತ್ಕಾಲಿಕ ಕಾನೂನೊಂದನ್ನು ಮಾಡಿದ ಮೇಲೆಯೇ ಅಲಾಸ್ಕಾದ ಕಡೆಗೆ ದೊಡ್ಡ ಹಡಗುಗಳು ಹೊರಡುವುದು ಸಾಧ್ಯವಾಯಿತು.

ಇದರ ಫಲವಾಗಿ ಭಾರತದ ಪಾಸ್‌ಪೋರ್ಟಿನಲ್ಲಿ ಸಂದರ್ಶಕರಾಗಿ ಬಂದ ತಾಯಿತಂದೆಗಳಿಗೆ ಅಮೆರಿಕದ ವೀಸಾ ಒಂದೇ ಸಾಲದು. ಕೆನಡಾದ ವೀಸಾ ಕೂಡ ಬೇಕು. ವಿಕ್ಟೋರಿಯದಲ್ಲಿ ಕೆಳಗಿಳಿಯುವ ಯೋಚನೆಯಿಲ್ಲವೆಂದರೂ, ಅದನ್ನು ತೋರಿಸದವರನ್ನು ಸಿಯಾಟಲಿನಲ್ಲಿಯೇ ಹಡಗು ಹತ್ತಗೊಡದಿರುವುದುಂಟು. ಕೆನಡಾವನ್ನು ಮುಟ್ಟಿ ಮರಳುವವರ ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಸಲ್ಲುವಂತಿರಬೇಕು. ಅಲ್ಲಿಯೇ ಹುಟ್ಟಿದ ಮೊಮ್ಮಕ್ಕಳಿಗೆ ಅಮೆರಿಕದ ಪಾಸ್‌ಪೋರ್ಟ್ ಸಾಕು. ಖಾಯಂ ನಿವಾಸಿಯಾದ ಮಗನಿಗೆ ಅವನ ಪಾಸ್‌ಪೋರ್ಟಿನೊಡನೆ ನಿವಾಸಪತ್ರ ಬೇಕು. ಹೀಗೆ ಒಂದೇ ಮನೆಯವರಾದರೂ ಒಬ್ಬೊಬ್ಬರಿಗೂ ನಿಯಮ ಬೇರೆ ಬೇರೆ. ಮನೆಯವರೆಲ್ಲರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು, ಯಾರಿಗೆ ಯಾವ ಪತ್ರ ಬೇಕು, ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಎದುರಿಗೆ ಗುರುತುಹಾಕಿಕೊಂಡ ಮೇಲೆಯೇ ಟಿಕೆಟ್ ಕೊಳ್ಳಬೇಕು. ತಾಯಿತಂದೆ ಜೊತೆಯಲ್ಲಿಲ್ಲದೆ ಅಜ್ಜ ಅಜ್ಜಿಯರೊಡನೆ ಮಕ್ಕಳು ಹೊರಡುವುದಾದರೆ ಒಪ್ಪಿಗೆಯ ಪತ್ರವೂ ಜೊತೆಗಿರಲಿ.

ಕೊಠಡಿಯ ಆಯ್ಕೆ, ಹಣದ ಲೆಕ್ಕ

ಕಿಟಕಿಯಿಲ್ಲದ ಒಳಕೊಠಡಿ ಎಲ್ಲಕ್ಕಿಂತ ಅಗ್ಗ, ಕಿಟಕಿಯಿರುವುದು ಅದಕ್ಕಿಂತ ಮೇಲು, ಮೊಗಸಾಲೆಯುಳ್ಳದ್ದು ದುಬಾರಿ. ಸಾಮಾನ್ಯವಾಗಿ ಕಡಲ ವಿಹಾರದಲ್ಲಿ ಕೊಠಡಿ ಮಲಗುವುದಕ್ಕೆ ಮಾತ್ರವಾದ್ದರಿಂದ ಅಗ್ಗದ್ದೇ ಸಾಕೆನ್ನಬಹುದು. ಅಲಾಸ್ಕಾದಲ್ಲಿ ದಾರಿಯೇ ದೃಶ್ಯವಾದುದರಿಂದ, ಹೆಚ್ಚು ಹೊತ್ತು ಹೊರಗೆ ನಿಲ್ಲಲಾರದ ವೃದ್ಧರಿಗೆ ಮೊಗಸಾಲೆಯ ಕೊಠಡಿ ಕೊಟ್ಟು, ಉಳಿದವರು ಸಮೀಪದ ಒಳಕೊಠಡಿಯಲ್ಲಿ ಇರುವುದು ಜಾಣತನ. ಹಡಗು ತೊಟ್ಟಿಲಿನಂತೆ ಓಲಾಡುವಾಗ ತುದಿಗಳೂ ಮೇಲಿನ ಅಂತಸ್ತುಗಳೂ ಹೆಚ್ಚು ಅಲುಗುತ್ತವೆ. ನಡುಭಾಗದ ಕೆಳಗಿನ ಅಂತಸ್ತು ಸ್ಥಿರವಾಗಿರುತ್ತದೆ. ವಾಂತಿ ತಲೆಸುತ್ತುಗಳ ಭಯವುಳ್ಳವರಿಗೆ ಅದೇ ತಕ್ಕ ಸ್ಥಳ. ತಲೆಸುತ್ತಿನ ಗುಳಿಗೆಯನ್ನು ಹಡಗು ಅಲುಗಲು ಮೊದಲಾಗುವ ಮುನ್ನವೇ ಸೇವಿಸಬೇಕು. ಬೇರೆ ಔಷಧಿ ಸೇವಿಸುವ ಹಿರಿಯರು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು.

ಜಾಹೀರಾತಿನಲ್ಲಿ ಕಾಣುವ ದರ, ಒಂದು ಕೊಠಡಿಯಲ್ಲಿ ಇಬ್ಬರಿರುವರೆಂದು ಎಣಿಸಿ ತಲೆಯೊಂದಕ್ಕೆ ಹಾಕಿದ್ದು. ಮೂರನೆಯವರಿಗೂ ನಾಲ್ಕನೆಯವರಿಗೂ ಅದು ಕಡಿಮೆಯಾಗುವುದುಂಟು. ಆದರೆ ಬಂದರಿನ ಸುಂಕ, ಸೇವಕರ ಭಕ್ಷೀಸು, ದಡದ ಮೇಲಿನ ವಿಹಾರಗಳು, ಪಾನೀಯಗಳು, ಇಂಟರ್ನೆಟ್ಟು ಇವೆಲ್ಲ ಪ್ರತ್ಯೇಕ. ಭಕ್ಷೀಸೊಂದೇ ಅನೇಕ ಹಡಗುಗಳಲ್ಲಿ ದಿನಕ್ಕೆ ತಲೆಗೆ ಸುಮಾರು ೧೫ರಿಂದ ೨೦ ಡಾಲರುಗಳಾಗುತ್ತದೆ. ಆರು ಮಂದಿಗೆ ಏಳು ದಿನಗಳ ಲೆಕ್ಕ ಹಾಕಿದರೆ ಅದು ಸಣ್ಣ ಮೊತ್ತವಲ್ಲ. ಹಡಗು ಹೊರಟ ಮೇಲೆ ಮೊಬೈಲನ್ನು ವಿಮಾನದ ಸ್ಥಿತಿಯಲ್ಲಿಡದಿದ್ದರೆ ನಡುಗಡಲಿನ ದುಬಾರಿ ಸಂಪರ್ಕದ ಬಿಲ್ಲು ಮನೆಗೆ ಬಂದೀತು.

ಊಟದ ವಿಚಾರ

ಸಸ್ಯಾಹಾರಿಗಳು ಹಡಗಿನಲ್ಲಿ ಉಪವಾಸವಿರಬೇಕಾದೀತೆಂಬ ಭಯ ಅನಗತ್ಯ. ದೊಡ್ಡ ನೌಕೆಗಳಲ್ಲಿ ಭಾರತೀಯ ಸಸ್ಯಾಹಾರವನ್ನೂ, ಕೆಲವೆಡೆ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಜೈನ ಊಟವನ್ನೂ ಮಾಡಿಕೊಡುತ್ತಾರೆ. ಆದರೆ ಟಿಕೆಟ್ ಕೊಳ್ಳುವಾಗಲೇ ಅದನ್ನು ಬರೆಯಿಸಿರಬೇಕು. ಹಡಗೇರಿದ ಮೊದಲ ಸಂಜೆ ಊಟದ ಶಾಲೆಯ ಮೇಲ್ವಿಚಾರಕನನ್ನು ಕಂಡು ಮಾರನೆಯ ದಿನದ ಊಟವನ್ನು ಹಿಂದಿನ ರಾತ್ರಿಯೇ ಹೇಳಿಡುವ ಪದ್ಧತಿ ಇಟ್ಟುಕೊಂಡರೆ, ಅನ್ನ, ಬೇಳೆ, ಪಲ್ಯಗಳು ತಟ್ಟೆಗೆ ಬರುವುದರಲ್ಲಿ ತಡವಾಗದು. ತರಕಾರಿಯ ಸೂಪೆಂದು ಕಂಡರೂ ಅದರಲ್ಲಿ ಮಾಂಸದ ಕಟ್ಟು ಸೇರಿರಬಹುದು, ಕೇಳಿಯೇ ಕುಡಿಯಬೇಕು.

ಅನ್ನ ಬೇಯಿಸುವ ವಿದ್ಯುತ್ ಪಾತ್ರೆಯನ್ನು ಪೆಟ್ಟಿಗೆಯಲ್ಲಿ ತುರುಕುವ ಗೃಹಿಣಿಯರಿಗೆ ಒಂದು ಎಚ್ಚರಿಕೆ. ಬಿಸಿಮಾಡುವ ಯಾವ ಸಾಧನವನ್ನೂ, ಇಸ್ತ್ರಿಪೆಟ್ಟಿಗೆಯನ್ನೂ, ಹಡಗಿನ ಮೇಲೆ ಬಿಡುವುದಿಲ್ಲ; ನಡುಗಡಲಿನಲ್ಲಿ ಬೆಂಕಿಯಂಥ ಶತ್ರು ಬೇರೊಂದಿಲ್ಲ. ಮನೆಯಲ್ಲಿ ಮಾಡಿದ ತಿಂಡಿಗೂ ಅನುಮತಿ ದೊರೆಯದು. ಮೊಹರು ಒಡೆಯದ ಅಂಗಡಿಯ ಪೊಟ್ಟಣಗಳನ್ನು ಒಯ್ಯಬಹುದು. ಹಣ್ಣುಹಂಪಲುಗಳನ್ನು ಹಡಗಿನಿಂದ ದಡಕ್ಕೆ ತೆಗೆದುಕೊಂಡು ಹೋಗಬಾರದು. ಸಾವಿರಾರು ಮಂದಿ ಒಟ್ಟಿಗೆ ಉಣ್ಣುವ ಸ್ಥಳದಲ್ಲಿ ವಾಂತಿಭೇದಿಯ ಸೋಂಕು ಬೇಗ ಹರಡುವುದರಿಂದ ಊಟಕ್ಕೆ ಮುನ್ನ ಸಾಬೂನಿನಿಂದ ಕೈತೊಳೆಯುವುದನ್ನು ಮಕ್ಕಳಿಗೆ ಕಡ್ಡಾಯ ಮಾಡಬೇಕು. ಆ ಸೋಂಕಿಗೆ ಕೈಗೆ ಸವರುವ ದ್ರವವೊಂದೇ ಸಾಲದು.

ಹಿರಿಯರೂ ಕಿರಿಯರೂ

ಆರು ತಿಂಗಳು ತುಂಬದ ಶಿಶುಗಳನ್ನು ಪ್ರಮುಖ ಕಂಪನಿಗಳು ಸೇರಿಸಿಕೊಳ್ಳುವುದಿಲ್ಲ. ಕೆಲವು ಯಾನಗಳಲ್ಲಿ ಒಂದು ವರ್ಷ ತುಂಬಿರಬೇಕು. ಯಾನ ಮುಗಿಯುವುದರೊಳಗೆ ಇಪ್ಪತ್ತನಾಲ್ಕನೆಯ ವಾರವನ್ನು ಮುಟ್ಟುವ ಗರ್ಭಿಣಿಯರಿಗೂ ಅವಕಾಶವಿಲ್ಲ. ಮಕ್ಕಳ ಆಟದ ಶಾಲೆಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿದವರನ್ನೇ ಸೇರಿಸಿಕೊಳ್ಳುತ್ತಾರೆ.

ಹಡಗಿನಲ್ಲಿ ವೈದ್ಯರಿದ್ದಾರೆ, ಔಷಧಾಲಯವಿದೆ. ಆದರೆ ಶುಲ್ಕ ಹೆಚ್ಚು, ದೊಡ್ಡ ಚಿಕಿತ್ಸೆಗೆ ಸಾಧನಗಳಿಲ್ಲ. ಹೃದ್ರೋಗಿಯೊಬ್ಬರನ್ನು ವಿಮಾನದಲ್ಲಿ ದೂರದ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಅದರ ವೆಚ್ಚವನ್ನು ಭರಿಸುವುದು ಸಾಮಾನ್ಯ ಸಂಸಾರಕ್ಕೆ ಆಗದ ಮಾತು. ಆದಕಾರಣ ರೋಗಿಯ ಸಾಗಣೆಯ ಖರ್ಚೂ ಸೇರಿದ ಪ್ರಯಾಣ ವಿಮೆಯನ್ನು ಮಾಡಿಸದೆ ಹಿರಿಯರನ್ನು ಹಡಗು ಹತ್ತಿಸಬಾರದು. ಹಳೆಯ ಕಾಯಿಲೆಗಳಿಗೆ ಆ ವಿಮೆ ಸಲ್ಲುವುದೇ ಎಂಬುದನ್ನು ಓದಿ ನೋಡಬೇಕು. ಔಷಧಿಗಳನ್ನು ನಾಲ್ಕಾರು ದಿನ ಹೆಚ್ಚಿಗೆ ಆಗುವಷ್ಟು, ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ದೊಡ್ಡ ಪೆಟ್ಟಿಗೆಗಳು ಕೊಠಡಿಗೆ ಬರುವಷ್ಟರಲ್ಲಿ ಸಂಜೆಯಾಗಬಹುದು.

ದಡದ ವಿಹಾರಗಳನ್ನು ಆರಿಸುವಾಗಲೂ ಕಾಲಿನ ಶಕ್ತಿಯೇ ಅಳತೆಗೋಲಾಗಲಿ. ಸ್ಕ್ಯಾಗ್ವೇ ಊರಿನಲ್ಲಿ, ಕ್ಲೊಂಡೈಕಿನ ಚಿನ್ನದ ಹುಚ್ಚಿನ ಕಾಲದಲ್ಲಿ ಆರಂಭವಾಗಿ ೧೯೦೦ರಲ್ಲಿ ಪೂರ್ಣಗೊಂಡ ವೈಟ್ ಪಾಸ್ ರೈಲುಮಾರ್ಗವಿದೆ. ಸುಮಾರು ಇಪ್ಪತ್ತು ಮೈಲಿಗಳಲ್ಲಿ ಮೂರು ಸಾವಿರ ಅಡಿಗಳಷ್ಟು ಏರುವ ಆ ಚಿಕ್ಕ ರೈಲಿನಲ್ಲಿ ಕುಳಿತೇ ಕಣಿವೆಗಳನ್ನು ನೋಡಬಹುದಾದ್ದರಿಂದ ಅದು ವೃದ್ಧರಿಗೆ ಹೇಳಿಮಾಡಿಸಿದ್ದು. ಹೊರಗಿನಿಂದ ರಸ್ತೆಯೇ ಇಲ್ಲದ ರಾಜಧಾನಿ ಜುನೋ ನಗರದಿಂದ ಮೆಂಡೆನ್‌ಹಾಲ್ ಹಿಮನದಿಯ ಕಡೆಗೆ ಬಸ್ಸಿನಲ್ಲಿ ಹೋಗಿಬರಬಹುದು. ಕೆಚಿಕನ್ನಿನಲ್ಲಿ ವರ್ಷಕ್ಕೆ ೧೫೦ ಅಂಗುಲಗಳ ಆಸುಪಾಸಿನಲ್ಲಿ ಮಳೆ ಸುರಿಯುವುದರಿಂದ ಮಲೆನಾಡಿನವರಿಗೆ ಅದು ಹೊಸದೆನಿಸದು. ಉಳಿದವರು ಮಳೆಯಂಗಿಯನ್ನು ಮರೆಯದಿರಲಿ. ಒಂದೇ ದಪ್ಪ ಕೋಟಿಗಿಂತ ಒಂದರ ಮೇಲೊಂದು ತೊಡುವ ತೆಳು ಉಣ್ಣೆಯ ಬಟ್ಟೆಗಳು ಅನುಕೂಲ. ಹಿಮನದಿಯ ಮುಂದೆ ಬೇಸಿಗೆಯಲ್ಲಿಯೂ ಕಿವಿ ಕೊರೆಯುವ ಗಾಳಿ ಬೀಸುತ್ತದೆ.

ಹಡಗು ಕಾಯುವುದಿಲ್ಲ

ಯಾನ ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವುದು ಅಪಾಯಕರವಾದ ಸಾಹಸ. ವಿಮಾನ ತಡವಾದರೆ ಹಡಗು ಹೊರಟುಹೋಗಿರುತ್ತದೆ, ಕಟ್ಟಿದ ಹಣವೂ ಹೋಗಿರುತ್ತದೆ. ಒಂದು ದಿನ ಮೊದಲೇ ಬಂದರಿನ ಊರನ್ನು ಸೇರಿ ತಂಗುವ ಖರ್ಚು ವ್ಯರ್ಥವಲ್ಲ. ದಾರಿಯ ಬಂದರುಗಳಲ್ಲಿಯೂ, ಹೊರಡುವ ವೇಳೆಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಒಳಗಿರಬೇಕು. ಹಡಗಿನವರೇ ಏರ್ಪಡಿಸಿದ ವಿಹಾರ ತಡವಾದರೆ ಅವರು ಕಾಯುವರು. ಅಗ್ಗವೆಂದು ತಾವೇ ಬಾಡಿಗೆ ವಾಹನ ಗೊತ್ತುಮಾಡಿಕೊಂಡು ಹೋದವರಿಗಾಗಿ ಕಾಯುವುದಿಲ್ಲ. ಗಡಿಯಾರವನ್ನು ಹಡಗಿನ ವೇಳೆಗೆ ಸರಿಹೊಂದಿಸಿಕೊಳ್ಳುವುದು ಅವಶ್ಯ.

ಮೊದಲ ದಿನದ ಅಭ್ಯಾಸ

ಎಲ್ಲಕ್ಕಿಂತ ಹೆಚ್ಚಿನ ಮಾತೊಂದಿದೆ. ಹಡಗೇರಿದ ದಿನವೇ, ಅಪಾಯ ಬಂದಾಗ ಕೂಡಬೇಕಾದ ಸ್ಥಳವನ್ನೂ ರಕ್ಷಣೆಯ ಅಂಗಿ ತೊಡುವ ಕ್ರಮವನ್ನೂ ತೋರಿಸಿಕೊಡುವ ಅಭ್ಯಾಸವಿರುತ್ತದೆ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ೧೯೧೪ರಲ್ಲಿ ರಾಷ್ಟ್ರಗಳು ಕೂಡಿ ಕಡಲ ರಕ್ಷಣೆಯ ಒಪ್ಪಂದ ಮಾಡಿಕೊಂಡವು. ಆದರೂ ೨೦೧೨ರ ಜನವರಿ ೧೩ರಂದು ಇಟಲಿಯ ಕರೆಯಲ್ಲಿ ಕೋಸ್ಟ ಕಾಂಕೋರ್ಡಿಯ ಬಂಡೆಗೆ ಬಡಿದಾಗ, ಅಂದೇ ಹತ್ತಿದ ನೂರಾರು ಯಾತ್ರಿಕರಿಗೆ ಆ ಅಭ್ಯಾಸವೇ ಆಗಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಾಡಿಸಿದರೆ ಸಾಕೆಂದು ಆಗಿನ ನಿಯಮವಿತ್ತು. ಆ ದುರಂತದಲ್ಲಿ ಮೂವತ್ತೆರಡು ಮಂದಿ ಪ್ರಾಣ ಕಳೆದುಕೊಂಡರು. ೨೦೧೫ರಿಂದ ಹಡಗು ಹೊರಡುವ ಮುನ್ನವೋ ಹೊರಟ ಕೂಡಲೆಯೋ ಅಭ್ಯಾಸ ನಡೆಯಲೇಬೇಕೆಂದು ನಿಯಮ ಬದಲಾಗಿದೆ.

ಉಪಾಹಾರದ ಸಂಭ್ರಮದಲ್ಲಿ ಇದನ್ನು ಕಾಟಾಚಾರವೆಂದು ಭಾವಿಸಬಾರದು. ಇಂಗ್ಲಿಷು ಬಾರದ ಅಜ್ಜಿಗೆ ಮನೆಯವರು ಕನ್ನಡದಲ್ಲಿ ವಿವರಿಸಿ, ಕೊಠಡಿಯಿಂದ ಆ ಸ್ಥಳದವರೆಗೆ ಮೆಟ್ಟಿಲುಗಳ ದಾರಿಯಲ್ಲಿ ಒಮ್ಮೆ ನಡೆಸಿ ತೋರಿಸಬೇಕು. ಅಪಾಯದಲ್ಲಿ ಲಿಫ್ಟನ್ನು ಬಳಸಕೂಡದು. ಮೆಟ್ಟಿಲಿಳಿಯಲಾರದವರ ಕೈಹಿಡಿಯುವವರು ಯಾರು, ಮಗುವನ್ನು ಎತ್ತಿಕೊಳ್ಳುವವರು ಯಾರು ಎಂಬುದು ಅಂದೇ ಗೊತ್ತಾಗಿರಬೇಕು.

ಇಷ್ಟು ಸಿದ್ಧತೆಯನ್ನು ನೆಲದ ಮೇಲೆ ಮುಗಿಸಿದವರಿಗೆ ನೀರಿನ ಮೇಲೆ ಮಾಡಬೇಕಾದ ಕೆಲಸ ಬಹಳ ಕಡಿಮೆ. ನೀಲಿಗಟ್ಟಿದ ಹಿಮದ ಗೋಡೆಯೊಂದು ಗುಡುಗಿನ ಸದ್ದಿನೊಡನೆ ಕಳಚಿ ನೀರಿಗೆ ಬೀಳುವುದನ್ನು ಮೊಮ್ಮಗಳು ಅಜ್ಜನ ಪಕ್ಕದಲ್ಲಿ ನಿಂತು ನೋಡುವಾಗ, ಮನೆಯ ಹಿರಿಯ ಮಗ ಕಾಗದಪತ್ರಗಳ ಚಿಂತೆಯಿಲ್ಲದೆ ತಾನೂ ಅವರೊಡನೆ ನಿಂತು ನೋಡಬಹುದು.