ಗಂಜೀಫದಲ್ಲಿ ಬಲವಾದ ಎಲೆಗಳು

ಗಂಜೀಫವು ಸಾಮಾನ್ಯವಾಗಿ ದುಂಡನೆಯ ಎಲೆಗಳಿಂದ ಆಡುವ, ಇಸ್ಪೀಟನ್ನು ಹೋಲುವ ಸಾಂಪ್ರದಾಯಿಕ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂತಹ ಆಟಗಳ ವಿವರಗಳಿವೆ.

ದಶಾವತಾರ ಗಂಜೀಫದಲ್ಲಿ 10 ಪಂಗಡಗಳು, ಪಂಗಡಕ್ಕೆ 12ರಂತೆ 120 ಎಲೆಗಳು. ಪ್ರತಿ ಪಂಗಡದಲ್ಲೂ ರಾಜನೇ ಮೇಲು, ಅನಂತರ ಮಂತ್ರಿ. ಹೊಸಬರು ಎಡವುವುದು ಅಂಕಿಯ ಎಲೆಗಳಲ್ಲಿ. ಮತ್ಸ್ಯದಿಂದ ವಾಮನನವರೆಗಿನ ಐದು ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಪರಶುರಾಮನಿಂದ ಕಲ್ಕಿಯವರೆಗೆ ಈ ಕ್ರಮ ತಲೆಕೆಳಗು. ಆದುದರಿಂದ ರಾಮನ ಒಂದು, ರಾಮನ ಹತ್ತಕ್ಕಿಂತ ಬಲಶಾಲಿ. ಇಲ್ಲಿ ತುರುಪು ಇಲ್ಲ. ಬೇರೆ ಪಂಗಡದ ಎಲೆ ಎಷ್ಟೇ ದೊಡ್ಡದಾದರೂ ಗೆಲ್ಲಲಾರದು. ರಾಜ, ಮಂತ್ರಿ ಎರಡೂ ಆಡಿಹೋದ ಬಳಿಕ ಆ ಪಂಗಡದಲ್ಲಿ ಉಳಿದ ಅತಿ ಮೇಲಿನ ಎಲೆಯೇ ಅಜೇಯ. ಹೀಗಾಗಿ ಹೋದ ಎಲೆಗಳ ನೆನಪು ಬಂದ ಎಲೆಗಳಷ್ಟೇ ಮುಖ್ಯ. ಹಗಲಿನಲ್ಲಿ ರಾಮನ ರಾಜನುಳ್ಳವರು, ರಾತ್ರಿ ಕೃಷ್ಣನ ರಾಜನುಳ್ಳವರು ಆಟ ತೊಡಗುವುದು ರೂಢಿ.