ಎರಡನೇ ಸಲದ ಡೆಂಗಿ

ಕ್ಯೂಬಾದಲ್ಲಿ 1977ರಲ್ಲಿ ಡೆಂಗಿ ಹಬ್ಬಿತು, ಬಹಳ ಜನರನ್ನು ಮಲಗಿಸಿತು, ಹೋಯಿತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ, ಅದು ಒಂದನೆಯದು. 1981ರಲ್ಲಿ ಎರಡನೆಯ ಬಗೆ ಬಂದಾಗ ಆಸ್ಪತ್ರೆಗಳು ತುಂಬಿ ತುಳುಕಿದವು. ಮೂರು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ರೋಗಿಗಳು, 158 ಸಾವು. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿದವರು ಹೆಚ್ಚುಕಮ್ಮಿ ಎಲ್ಲರೂ ಮೊದಲ ಸುತ್ತಿನಲ್ಲೇ ಡೆಂಗಿ ಕಂಡವರು. 1997ರಲ್ಲಿ ಸ್ಯಾಂಟಿಯಾಗೋ ನಗರಕ್ಕೆ ಅದೇ ಎರಡನೆಯ ಬಗೆ ಮರಳಿತು. ಈ ಸಲ ಮಕ್ಕಳು ಪಾರಾದರು. ತೀರಾ ನರಳಿದ್ದು ದೊಡ್ಡವರು, ಇಪ್ಪತ್ತು ವರ್ಷ ಹಿಂದಿನ ಪ್ರತಿಕಾಯಗಳನ್ನು ಮೈಯಲ್ಲಿ ಉಳಿಸಿಕೊಂಡವರು.

ಪ್ರತಿಕಾಯದ ಕೆಲಸ ವೈರಸ್ಸಿಗೆ ಅಂಟಿಕೊಂಡು ಅದು ಜೀವಕೋಶಕ್ಕೆ ನುಗ್ಗದಂತೆ ತಡೆಯುವುದು. ಆದರೆ ಒಂದನೆಯ ಬಗೆಗೆಂದು ತಯಾರಾದದ್ದು ಎರಡನೆಯದಕ್ಕೆ ಅಂಟುತ್ತದಷ್ಟೇ, ಅದನ್ನು ಮಟ್ಟಹಾಕಲಾರದು. ಕೆಲವು ಬಿಳಿ ರಕ್ತಕಣಗಳ ಮೈಮೇಲೆ ಪ್ರತಿಕಾಯದ ಬಾಲವನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಅವು ಪ್ರತಿಕಾಯವನ್ನು ಎಳೆದುಕೊಂಡಾಗ ಜೀವಂತ ವೈರಸ್ಸೂ ಒಳಗೆ ಬರುತ್ತದೆ. ಡೆಂಗಿ ಸೊಂಪಾಗಿ ಬೆಳೆಯುವುದು ಅಲ್ಲಿಯೇ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. 1960ರ ದಶಕದಲ್ಲಿ ಬ್ಯಾಂಕಾಕಿನಲ್ಲಿದ್ದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಎರಡನೇ ಸೋಂಕಿನ ಮೇಲೆ ಕಣ್ಣಿಟ್ಟಿದ್ದರು. ಅಲ್ಲಿ ಹಸುಗೂಸುಗಳದ್ದೇ ಒಂದು ಒಗಟಿತ್ತು: ಅವಕ್ಕೆ ಮೊದಲ ಸೋಂಕೇ ಮಾರಕವಾಗುತ್ತಿತ್ತು. ಕಾರಣ, ತಾಯಿಯಿಂದ ಬಂದ ಪ್ರತಿಕಾಯ ಆರೇಳು ತಿಂಗಳ ಹೊತ್ತಿಗೆ ರಕ್ಷಿಸಲಾರದಷ್ಟು ತೆಳುವಾಗಿ, ವೈರಸ್ಸಿಗೆ ನೆರವಾಗುವಷ್ಟು ಮಾತ್ರ ಉಳಿದಿರುತ್ತದೆ.

ಅಂದರೆ ಪ್ರಶ್ನೆ ಪ್ರತಿಕಾಯ ಇದೆಯೋ ಇಲ್ಲವೋ ಎಂಬುದಲ್ಲ, ಎಷ್ಟಿದೆ ಎಂಬುದು. ನಿಕರಾಗುವಾದ ಮನಾಗ್ವಾ ನಗರದಲ್ಲಿ ಸಾವಿರಾರು ಮಕ್ಕಳ ರಕ್ತವನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದ ಸಂಶೋಧಕರು 2017ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಪ್ರತಿಕಾಯ ಹೇರಳವಾಗಿದ್ದವರು ಕ್ಷೇಮ. ಒಂದು ಕೆಳಮಟ್ಟದ ಪಟ್ಟಿಯೊಳಗಿದ್ದವರಿಗೆ ಮಾತ್ರ, ಏನೂ ಇಲ್ಲದವರಿಗಿಂತ ಏಳು ಪಟ್ಟಿಗೂ ಹೆಚ್ಚು ಅಪಾಯ.

ಅದೇ ಮಕ್ಕಳಿಂದ ಝೀಕಾದ ಕತೆಯೂ ಹೊರಬಂತು. ಝೀಕಾ ಡೆಂಗಿಯ ದಾಯಾದಿ, ಹರಡುವ ಸೊಳ್ಳೆಯೂ ಒಂದೇ. 2016ರಲ್ಲಿ ಅದು ಅಲ್ಲಿಗೆ ಬಂದಾಗ, ಮೊದಲೇ ಡೆಂಗಿ ಕಂಡಿದ್ದ ಮಕ್ಕಳಲ್ಲಿ ರೋಗಲಕ್ಷಣ ಕಡಿಮೆ. ಡೆಂಗಿ ಮಾಡಿದ ಉಪಕಾರವನ್ನು ಝೀಕಾ ತೀರಿಸಲಿಲ್ಲ: ಮುಂದೆ 2019ರಲ್ಲಿ ಎರಡನೆಯ ಬಗೆಯ ಡೆಂಗಿ ಹಬ್ಬಿದಾಗ, ಝೀಕಾ ಬಂದುಹೋಗಿದ್ದ ಮಕ್ಕಳಿಗೆ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚಿತ್ತು. ನಾವು ಇದನ್ನು ದೂರದ ಸುದ್ದಿ ಎಂದು ಬಿಡುವಂತಿಲ್ಲ. ಭಾರತದಲ್ಲಿ ಡೆಂಗಿಯ ನಾಲ್ಕೂ ಬಗೆಗಳಿವೆ, 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಝೀಕಾ ಪತ್ತೆಯಾಗಿದೆ.

ಈ ಅರೆಬರೆ ರಕ್ಷಣೆಗೆ ಭಾರೀ ಬೆಲೆ ತೆತ್ತದ್ದು ಫಿಲಿಪ್ಪೀನ್ಸ್. 2016ರಿಂದ ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಲಸಿಕೆ ಹಾಕಿದರು. ಹಿಂದೆ ಡೆಂಗಿ ಬಂದೇ ಇರದವರಲ್ಲಿ ಲಸಿಕೆಯೇ ಮುಂದಿನ ಕಾಯಿಲೆಯನ್ನು ಉಲ್ಬಣಗೊಳಿಸಬಹುದೆಂದು ತಯಾರಕರು 2017ರ ನವೆಂಬರಿನಲ್ಲಿ ಒಪ್ಪಿದರು. ಆ ಮಕ್ಕಳ ದೇಹಕ್ಕೆ ಲಸಿಕೆಯೇ ಮೊದಲ ಸೋಂಕಿನಂತೆ ಕಂಡಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ರಕ್ತಪರೀಕ್ಷೆ ಮಾಡಿ, ಡೆಂಗಿ ಬಂದುಹೋಗಿದೆ ಎಂದು ಖಾತ್ರಿಯಾದವರಿಗೇ ಇದನ್ನು ಕೊಡುವುದು ಲೇಸೆಂದು ಸಲಹೆಯಿತ್ತಿತು.