ಮೂತ್ರಲ ಔಷಧಗಳೂ ರಕ್ತಪರೀಕ್ಷೆಯೂ

ಮೂತ್ರವನ್ನು ಹೆಚ್ಚಿಸುವ ಔಷಧಗಳು ನಮ್ಮ ದೇಶದ ವೈದ್ಯಕ್ಕೆ ಹೊಸವಲ್ಲ. ಚರಕಸಂಹಿತೆಯು ಮೂತ್ರವಿರೇಚನೀಯವೆಂಬ ಹತ್ತು ದ್ರವ್ಯಗಳ ಗಣವೊಂದನ್ನು ಹೇಳಿ, ಅದರಲ್ಲಿ ನಮ್ಮ ಹೊಲಗಳಲ್ಲಿ ಬೆಳೆಯುವ ನೆಗ್ಗಿಲನ್ನೂ ಸೇರಿಸಿರುವುದು. ಈಗ ವೈದ್ಯಶಾಲೆಗಳಲ್ಲಿ ಬಳಸುವ ಮೂತ್ರಲಗಳಾದರೋ ಈಚಿನವು. 1919ರಲ್ಲಿ ವಿಯೆನ್ನಾ ನಗರದಲ್ಲಿ ಪರಂಗಿರೋಗಕ್ಕೆಂದು ಕೊಟ್ಟ ಪಾದರಸದ ಮದ್ದೊಂದು ಮೂತ್ರವನ್ನು ಬಹಳವಾಗಿ ಹೆಚ್ಚಿಸಿದುದು ಕಂಡುಬಂದಿತು. ಅನಂತರ ಹಲವು ವರ್ಷಗಳವರೆಗೆ ಅಂತಹ ಮದ್ದುಗಳೇ ನಡೆದುವು. 1958ರಲ್ಲಿ ಕ್ಲೋರೋಥಯಜೈಡ್ ಬಳಕೆಗೆ ಬಂದ ಮೇಲೆ ಅವು ಹಿಂದೆ ಸರಿದುವು. ಇಂದು ರಕ್ತದೊತ್ತಡ, ಹೃದಯದ ದೌರ್ಬಲ್ಯ, ಮೈಬಾವು ಇವುಗಳಿಗಾಗಿ ಮೂತ್ರಲಗಳನ್ನು ಸೇವಿಸುವವರು ಅಸಂಖ್ಯಾತರು. ಇಂಥವರ ರಕ್ತಪರೀಕ್ಷೆಯಲ್ಲಿ ದೊರೆಯುವ ಅಂಕಿಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುವುವು. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದುದನ್ನು ಅಲ್ಲಿಯ ಸೂಕ್ಷ್ಮನಾಳಗಳು ಮರಳಿ ಹೀರಿಕೊಳ್ಳುವುವು. ಹೀಗೆ ಹೀರುವಾಗ ಉಪ್ಪು ಹೋದ ಕಡೆಗೆ ನೀರೂ ಹೋಗುವುದು. ಮೂತ್ರಲಗಳು ಉಪ್ಪಿನ ಈ ಮರುಹೀರಿಕೆಯನ್ನು ತಡೆಯುವುವು. ಆದರೆ ಪ್ರತಿಯೊಂದು ವರ್ಗವೂ ತಡೆಯುವ ಸ್ಥಾನವು ಬೇರೆ. ಆದುದರಿಂದಲೇ ರಕ್ತದಲ್ಲಿ ತೋರುವ ವ್ಯತ್ಯಾಸವೂ ಬೇರೆ.

ಮೊದಲು ಪೊಟಾಸಿಯಮ್ಮನ್ನು ನೋಡೋಣ. ಲೀಟರು ರಕ್ತರಸದಲ್ಲಿ ಇದು 3.5ರಿಂದ 5 ಮಿಲಿಮೋಲಿನವರೆಗೆ ಇರತಕ್ಕದ್ದು. ಥಯಜೈಡುಗಳೂ ಫ್ಯೂರೋಸೆಮೈಡೂ ತಡೆದ ಸೋಡಿಯಂ ನಾಳದ ಕೊನೆಯ ಭಾಗಕ್ಕೆ ಹೆಚ್ಚಾಗಿ ಬಂದು ಸೇರುವುದು. ಅಲ್ಲಿ ಅದು ಹೀರಲ್ಪಡುವಾಗ ಪ್ರತಿಯಾಗಿ ಪೊಟಾಸಿಯಂ ಮೂತ್ರಕ್ಕೆ ಇಳಿಯುವುದು. ಇದರಿಂದ ರಕ್ತದಲ್ಲಿ ಪೊಟಾಸಿಯಂ ಕುಗ್ಗಿ, ಸ್ನಾಯುಗಳು ಸೋಲುವುವು, ಹೃದಯದ ಬಡಿತವು ಕ್ರಮತಪ್ಪುವುದು. ಡಿಜಿಟಾಲಿಸ್ ಸೇವಿಸುವವರಿಗೆ ಅಪಾಯವು ಇನ್ನೂ ಹೆಚ್ಚು. ಸ್ಪೈರೋನೋಲ್ಯಾಕ್ಟೋನಿನ ಕೆಲಸವಾದರೋ ಇದಕ್ಕೆ ವಿರುದ್ಧ: ಅದು ಪೊಟಾಸಿಯಮ್ಮನ್ನು ಏರಿಸುವುದು. ಮೂತ್ರಪಿಂಡಗಳು ಮೊದಲೇ ದುರ್ಬಲವಾಗಿದ್ದವರಲ್ಲಿ ಈ ಏರಿಕೆಯು ಪ್ರಾಣಾಂತಿಕವೂ ಆಗಬಹುದು.

ಸೋಡಿಯಂ 135ರಿಂದ 145ರವರೆಗೆ ಇರಬೇಕಾದುದು. ಇದನ್ನು ವಿಶೇಷವಾಗಿ ತಗ್ಗಿಸುವುವು ಥಯಜೈಡುಗಳೇ. ಏಕೆಂದರೆ ಅವು ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿಯನ್ನು ಕೆಡಿಸದಿರುವುದರಿಂದ ಉಪ್ಪು ಹೋದರೂ ನೀರು ಒಳಗೆ ನಿಲ್ಲಬಲ್ಲುದು. ವೃದ್ಧರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಔಷಧವು ಆರಂಭವಾದ ಕೆಲವೇ ವಾರಗಳಲ್ಲಿ ಹೀಗಾಗುವುದುಂಟು. ಮಾತು ತಡವರಿಸುವುದು, ನಡಿಗೆ ತೂರಾಡುವುದು, ಗುರುತು ತಪ್ಪುವುದು ಇವನ್ನು ಕಂಡು ಮನೆಯವರು ಮುಪ್ಪಿನ ಮರೆವೆಂದು ಸುಮ್ಮನಿರುವುದೂ ಉಂಟು. ಸಕಾಲದಲ್ಲಿ ಮಾಡಿದ ಒಂದು ಪರೀಕ್ಷೆಯು ಇದರ ನಿಜವಾದ ಕಾರಣವನ್ನು ತೋರಿಸಿಕೊಡುವುದು.

ಯೂರಿಕ್ ಆಮ್ಲವನ್ನು ಈ ಎರಡು ವರ್ಗಗಳೂ ಏರಿಸುವುವು. ಕೆಲವರಿಗೆ ಇದರಿಂದ ಕಾಲ್ಬೆರಳಿನ ಸಂಧಿಯಲ್ಲಿ ತೀವ್ರವಾದ ನೋವು ಕಾಣಿಸಿಕೊಳ್ಳುವುದು. ಥಯಜೈಡುಗಳು ಸಕ್ಕರೆಯನ್ನೂ ಸ್ವಲ್ಪಮಟ್ಟಿಗೆ ಏರಿಸಬಲ್ಲುವು. ಸುಣ್ಣದ ಅಂಶವು ಥಯಜೈಡಿನಿಂದ ರಕ್ತದಲ್ಲಿ ಹೆಚ್ಚುವುದು, ಫ್ಯೂರೋಸೆಮೈಡಿನಿಂದ ಮೂತ್ರದಲ್ಲಿ ನಷ್ಟವಾಗುವುದು. ದೇಹವು ನೀರಿಲ್ಲದೆ ಬತ್ತಿದಾಗ ಕ್ರಿಯಾಟಿನೀನಿಗಿಂತ ಯೂರಿಯವು ಹೆಚ್ಚಾಗಿ ಏರುವುದು. ಹಿಮೋಗ್ಲೋಬಿನ್ನಿನ ಅಂಕಿಯೂ ಆಗ ಮೇಲಾಗಿ ಕಾಣುವುದು. ಆದರೆ ಇದು ರಕ್ತವೃದ್ಧಿಯಲ್ಲ, ದ್ರವವು ಕುಗ್ಗಿದುದರ ಫಲ.

ಪರೀಕ್ಷೆಯೂ ಒಮ್ಮೊಮ್ಮೆ ತಪ್ಪು ಹೇಳಬಹುದು. ರಕ್ತವನ್ನು ತೆಗೆಯುವಾಗ ಕೆಂಪುಕಣಗಳು ಒಡೆದರೆ ಅವುಗಳೊಳಗಿನ ಪೊಟಾಸಿಯಂ ಹೊರಬಂದು ಅಂಕಿಯನ್ನು ಏರಿಸುವುದು. ನಿಜವಾಗಿ ಇರುವ ಕೊರತೆಯೂ ಹೀಗೆ ಮುಚ್ಚಿಹೋಗಬಹುದು.

ಆದುದರಿಂದ ರಕ್ತವನ್ನು ಕೊಡುವವರು ತಾವು ಸೇವಿಸುವ ಮೂತ್ರಲದ ಹೆಸರನ್ನೂ ಪ್ರಮಾಣವನ್ನೂ ಆರಂಭಿಸಿದ ದಿನವನ್ನೂ ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಅಂಕಿಯು ಮಿತಿಮೀರಿದುದನ್ನು ಕಂಡು ತಾವಾಗಿಯೇ ಔಷಧವನ್ನು ಬಿಟ್ಟುಬಿಡುವುದೂ ಯುಕ್ತವಲ್ಲ. ಬಿಟ್ಟರೆ ಬಾವೂ ಉಬ್ಬಸವೂ ಮರುಕಳಿಸಬಹುದು. ಪ್ರಮಾಣವನ್ನು ತಗ್ಗಿಸಬೇಕೋ, ಔಷಧವನ್ನೇ ಬದಲಾಯಿಸಬೇಕೋ ಎಂಬುದನ್ನು ರೋಗಿಯ ಸ್ಥಿತಿಯನ್ನೂ ಅಂಕಿಯನ್ನೂ ಒಟ್ಟಿಗೆ ನೋಡಿ ವೈದ್ಯರೇ ನಿರ್ಣಯಿಸಬೇಕಾಗಿದೆ.